ಊರಾಗ ಯಾರು ತೊಗೊಂಡಾರ?

ಸೇಡು ತೀರಿಸಿಕೊಂಡವಳು ನಾನು. ಅದಕ್ಕೆ ನಾಚಿಕೆಯಾಗಿದೆ ಎಂದು ಸುಳ್ಳು ಹೇಳಲಾರೆ. ನಮ್ಮ ಶೋರೂಮಿನ ಮ್ಯಾನೇಜರ್‌ನ ಮುಖ ಬಾಡಿದ ದಿನ ನನ್ನ ಹೊಟ್ಟೆ ತಣ್ಣಗಾಗಿತ್ತು. ಚಿದ್ರಿ ಬಡಾವಣೆಯ ನಮ್ಮ ಮನೆಗೆ ಹೋಗುವಾಗ ಅರ್ಧ ಕಿಲೋ ಜಿಲೇಬಿ ಕಟ್ಟಿಸಿಕೊಂಡು ಹೋಗಿದ್ದೆ.

ಬೀದರಿನ ಒಂದು ಕಾರ್ ಶೋರೂಮಿನಲ್ಲಿ ಕಾರು ಮಾರುವುದು ನನ್ನ ಕೆಲಸ. ಅವ್ವ ನರ್ಸ್, ಅಪ್ಪ ಶಾಲೆಯ ಮಾಸ್ತರು. ಅವರಿಬ್ಬರನ್ನೂ ಬಲ್ಲವರು ಜಿಲ್ಲೆಯ ತುಂಬ ಇದ್ದುದರಿಂದ ಭಾಲ್ಕಿ, ಔರಾದ್ ಕಡೆಯವರು ಬಂದರೆ ನೇರ ನನ್ನ ಟೇಬಲ್ಲಿಗೇ ಬರುತ್ತಿದ್ದರು. ನಮ್ಮ ಕಡೆ ಕಾರು ಕೊಳ್ಳುವ ರೀತಿಯೇ ಬೇರೆ. ಮೈಲೇಜು, ಸೀಟು, ಬಣ್ಣ ಎಲ್ಲ ವಿಚಾರಿಸಿ ಮುಗಿದ ಮೇಲೆ ಕೊನೆಗೊಂದು ಪ್ರಶ್ನೆ ಬರುತ್ತದೆ: "ನಮ್ಮೂರಾಗ ಯಾರು ತೊಗೊಂಡಾರ್ರಿ?" ಯಾರೆಂದು ಹೇಳಿದರೆ ಅವರ ಮನೆಗೆ ಹೋಗಿ, ಚಹಾ ಕುಡಿದು, ಅವರ ಕಾರಿನ ಬಾಗಿಲು ನಾಲ್ಕು ಸಲ ತೆಗೆದು ಹಾಕಿ, ಆಮೇಲೆಯೇ ಬುಕಿಂಗ್. ಊರಿಗೆ ಮೊದಲ ಕಾರು ಕೊಳ್ಳುವ ಧೈರ್ಯ ಎಲ್ಲೋ ಒಬ್ಬರಿಗೆ. ಆ ಒಬ್ಬರು ಕೊಳ್ಳುತ್ತಿದ್ದುದು ನನ್ನ ಮಾತಿನ ಮೇಲೆ. ನನ್ನ ಹತ್ತಿರ ಇದ್ದ ಬಂಡವಾಳ ಆ ಮಾತೊಂದೇ.

ಹೀಗಿರುವಾಗ ಕಂಪನಿಯಿಂದ ಏಳು ಸೀಟಿನ ಹೊಸ ಕಾರು ಬಂತು. ಹಿಂದೆ ಉದ್ದ, ಮುಂದೆ ನೆಲಕ್ಕೆ ತಾಗುವಂಥ ಮೂತಿ. ಭಾಲ್ಕಿಯ ಗ್ಯಾರೇಜ್ ಮೇಸ್ತ್ರಿಗಳು ಅದರ ಬಾನೆಟ್ ಎತ್ತಿ ನೋಡಿ, ಇದರ ಸಾಮಾನು ಹೈದರಾಬಾದಿನಿಂದಲೇ ಬರಬೇಕು ಎಂದು ಮುಚ್ಚಿಬಿಟ್ಟರು. ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಕಾಳುಕಡಿಯ ದಲ್ಲಾಳಿ ಮಾಡುವ ಅಡತ್ ಅಂಗಡಿಯ ಮಾಲೀಕರೊಬ್ಬರು ಕಷ್ಟಪಟ್ಟು ಹಿಂದಿನ ಸೀಟಿಗೆ ತೂರಿಕೊಂಡರು. ಮೊಣಕಾಲು ಎದೆಗೆ ಬಂತು. ಇಲ್ಲಿ ಅಳಿಯನನ್ನು ಕೂಡಿಸಿದರೆ ಮತ್ತೆ ನಮ್ಮ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ನಗುತ್ತಲೇ ಇಳಿದು ಹೋದರು. ಹಾಗೆ ನಕ್ಕು ಹೋದವರು ಬಹಳ ಮಂದಿ.

ಇದೆಲ್ಲವನ್ನೂ ನಾನು ಮೀಟಿಂಗಿನಲ್ಲಿ ಹೇಳಿದೆ. ಬೆಲೆ ಇಳಿಸಿದರೂ ಉಪಯೋಗವಿಲ್ಲ, ಮೊದಲು ಭಾಲ್ಕಿಯ ಮೇಸ್ತ್ರಿಗಳಿಗೆ ಈ ಗಾಡಿ ಕಲಿಸಿ, ಆಮೇಲೆ ಊರಿಗೊಬ್ಬ ಮರ್ಯಾದಸ್ಥನಿಗೆ ಮಾರೋಣ ಎಂದೆ. ಆ ಮ್ಯಾನೇಜರ್ ಬೆಂಗಳೂರು ಕಡೆಯವನು, ಬಂದು ಆರು ತಿಂಗಳಾಗಿರಲಿಲ್ಲ. ನನ್ನ ಮಾತನ್ನು ಪೂರ್ತಿ ಕೇಳಿ, ಎಲ್ಲರ ಕಡೆ ತಿರುಗಿ ನಕ್ಕ.

"ಕಾರು ಚೆನ್ನಾಗೇ ಇದೆ ಮೇಡಂ. ನಿಮಗೆ ಮಾರೋಕೆ ಬರಲ್ಲ, ಅಷ್ಟೇ."

ಕಂಪನಿಗೂ ಹಾಗೆಯೇ ಬರೆದ. ಅವನ ತಪ್ಪಿನ ಗೂಬೆಯನ್ನು ನನ್ನ ತಲೆಯ ಮೇಲೆ ಕೂರಿಸಿದ. ಮರುದಿನವೇ ನನ್ನನ್ನು ಆ ಕಾರಿನ ಜೊತೆ ಔರಾದಿಗೆ ಅಟ್ಟಿದ. ಬಸ್ ನಿಲ್ದಾಣದ ಎದುರು ಶಾಮಿಯಾನದ ಕೆಳಗೆ, ಬಿಸಿಲಿನ ಝಳದಲ್ಲಿ, ಹನ್ನೆರಡು ದಿನ ನಿಂತೆ. ಒಂದೊಂದು ದಿನವನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಹತ್ತನೆಯ ದಿನ ಒಬ್ಬ ಕಾಕಾ ಬಂದರು. ಊರ ಹೊರಗೆ ದೊಡ್ಡ ಕುರಿಹಿಂಡು ಸಾಕಿದವರು, ತಲೆಗೆ ರುಮಾಲು, ಹೆಗಲ ಮೇಲೆ ಕಂಬಳಿ. ಹಿಂದೆ ಅವರ ಅಣ್ಣನ ಮನೆಗೆ ಕಾರು ಕೊಟ್ಟವಳು ನಾನೇ. ಮಗಳ ಲಗ್ನಕ್ಕೆ ಗಾಡಿ ಬೇಕಾಗಿತ್ತು. ಮುಂದಿನ ಮೂತಿ ಸ್ವಲ್ಪ ತಗ್ಗು, ಹಿಂದಿನ ಸೀಟಿನಲ್ಲಿ ಮಕ್ಕಳನ್ನಷ್ಟೇ ಕೂಡಿಸಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನೀ ಹೇಳ್ದಿ ಅಂದ್ರ ಆಯ್ತು ತಂಗಿ, ಮತ್ತ್ಯಾರಿಗಿ ಕೇಳೂದದ" ಎಂದು ಅಲ್ಲೇ ಬುಕ್ ಮಾಡಿದರು.

ಉಳಿದೆರಡು ದಿನ ಮುಗಿಸಿ ಖುಷಿಯಿಂದ ಬೀದರಿಗೆ ಬಂದೆ. ಮ್ಯಾನೇಜರ್ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, ನೋಡಿ, ಒಂದು ಸಲ ಬೈದ ಮೇಲೆ ಹೇಗೆ ಕೆಲಸ ಕಲಿತರು ಎಂದ. ಮಂದಿ ಚಪ್ಪಾಳೆ ತಟ್ಟಿದರು. ನನ್ನ ಮೈಯೆಲ್ಲ ಉರಿದುಹೋಯಿತು. ಬೈಗುಳವನ್ನಾದರೂ ನುಂಗುತ್ತಿದ್ದೆನೇನೋ, ಆ ಚಪ್ಪಾಳೆಯನ್ನು ನುಂಗಲಾಗಲಿಲ್ಲ.

ಅದೇ ವಾರ ಭಾಲ್ಕಿಯಿಂದ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು ಫೋನ್ ಮಾಡಿದರು. ತೀರಿಹೋದ ತಾಯಿಯ ನೆನಪಿಗೆ ಚರ್ಚಿಗೆ ಒಂದು ಗಾಡಿ ಕೊಡುವ ಆಸೆ ಅವರದು. ಯಾವ ಜಾತಿಯ ಬಡವರು ಸತ್ತರೂ ಮಣ್ಣಿಗೆ ಒಯ್ಯಲು ಪುಕ್ಕಟೆ ಗಾಡಿ. ಶವದ ಪೆಟ್ಟಿಗೆ ಯಾವುದರಲ್ಲಿ ಹಿಡಿಯುತ್ತದೆ ಎಂದು ಕೇಳಿದರು. ಪುಣ್ಯದ ಕೆಲಸ ಅದು, ಅವರ ಬಗ್ಗೆ ನನಗೆ ಇಂದಿಗೂ ಗೌರವ. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಓಡಿದ್ದು ಪುಣ್ಯವಲ್ಲ. ಈ ಏಳು ಸೀಟಿನದೇ ಸರಿ ಎಂದೆ. ಸೀಟು ಮಡಚಿದರೆ ಪೆಟ್ಟಿಗೆ ಆರಾಮಾಗಿ ಹಿಡಿಯುತ್ತಿತ್ತು, ಆ ಮಾತು ಸುಳ್ಳಲ್ಲ. ಓಡಾಡಿ ಕಾಗದಪತ್ರ ಮುಗಿಸಿ, ಕಾಕಾನ ಕಾರಿಗಿಂತ ಮೊದಲೇ ಅದರ ಡೆಲಿವರಿ ಮಾಡಿಸಿದೆ.

ಯಾತಕ್ಕೆ ಕೊಳ್ಳುತ್ತಿದ್ದಾರೆ ಎಂದು ಮ್ಯಾನೇಜರ್ ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಕಾರಿಗೆ ಹಾರ ಹಾಕಿ, ಹಿರಿಯರ ಪಕ್ಕ ಹಲ್ಲು ಕಿರಿದು ನಿಂತು ಫೋಟೋ ತೆಗೆಸಿಕೊಂಡ. ಜಿಲ್ಲೆಯ ಮೊದಲ ಹೆಮ್ಮೆಯ ಮಾಲೀಕರು ಎಂದು ಬರೆಸಿ ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆ ಫ್ಲೆಕ್ಸ್ ಕಟ್ಟಿಸಿದ. ನಾನು ಹಗ್ಗ ಹಿಡಿದುಕೊಂಡು ನಿಂತಿದ್ದೆ!

ಗಾಡಿ ಓಡಲು ಶುರುವಾಯಿತು. ಭಾಲ್ಕಿಯಿಂದ ಹಳ್ಳಿಹಳ್ಳಿಗೆ, ಬೀದರಿನ ಆಸ್ಪತ್ರೆಯಿಂದ ಊರೂರಿಗೆ. ಒಂದು ತಿಂಗಳಲ್ಲಿ ಆ ಮಾಡೆಲ್ಲಿಗೆ ಮಯ್ಯತ್ ಗಾಡಿ, ಅಂದರೆ ಹೆಣದ ಗಾಡಿ, ಎಂದು ಹೆಸರು ಬಿತ್ತು. ಶೋರೂಮಿನಲ್ಲಿದ್ದ ಕಾರನ್ನು ಕಂಡವರು ಬಾಗಿಲಲ್ಲೇ ನಿಂತು, ಇದು ಅದೇ ಅಲ್ವೇನ್ರಿ ಎಂದು ಹಿಂದೆ ಸರಿಯುತ್ತಿದ್ದರು. ಇನ್ನೊಂದು ಮಾರಾಟವಾಗಲಿಲ್ಲ. ಹುಳಿ ಏನೆಂದು ಮ್ಯಾನೇಜರ್‌ಗೆ ತಿಳಿಯುವ ಹೊತ್ತಿಗೆ ಹಾಲು ಒಡೆದಿತ್ತು. ಕಂಪನಿಯವರು ಅವನನ್ನು ಸಾಮಾನಿನ ಗೋದಾಮಿಗೆ ಹಾಕಿದರು. ಹೋಗುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ನಾನು ಮಾತ್ರ ಅವನನ್ನು ಕಣ್ತುಂಬ ನೋಡಿದೆ. ಜಿಲೇಬಿ ತಿಂದದ್ದು ಅವತ್ತೇ.

ಕಾಕಾನನ್ನು ಮರೆತಿದ್ದೆನೇ? ಇಲ್ಲ. ಅವರ ಡೆಲಿವರಿಗೆ ಇನ್ನೂ ಒಂದು ವಾರ ಇದ್ದಾಗ ಫೋನ್ ಕೈಗೆತ್ತಿಕೊಂಡಿದ್ದೆ. ಬುಕಿಂಗ್ ವಾಪಸ್ ತೆಗೆದುಕೊಳ್ಳಿ ಕಾಕಾ ಎನ್ನಲು ಒಂದು ನಿಮಿಷ ಸಾಕಾಗಿತ್ತು. ಆದರೆ ಯಾಕೆ ವಾಪಸಾಯಿತು ಎಂದು ಆ ಮ್ಯಾನೇಜರ್ ವಿಚಾರಿಸುತ್ತಿದ್ದ, ನನ್ನ ಆಟ ಬಯಲಾಗುತ್ತಿತ್ತು. ಫೋನ್ ಕೆಳಗಿಟ್ಟೆ.

ಲಗ್ನದ ದಿನ ಆ ಕಾರನ್ನು ಹೂವಿನಿಂದ ಮುಚ್ಚಿದ್ದರಂತೆ. ಬೀಗರು ಕಮಲನಗರದವರು. ಅವರ ಓಣಿಗೆ ಚರ್ಚಿನ ಗಾಡಿ ಆಗಲೇ ಎರಡು ಸಲ ಹೋಗಿ ಬಂದಿತ್ತು. ಬೀಗರ ಹೆಣ್ಣುಮಕ್ಕಳು, ಹೆಣ ಒಯ್ಯುವ ಗಾಡಿಯಲ್ಲಿ ನಮ್ಮ ಸೊಸೆಯನ್ನು ಕೂಡಿಸುವುದಿಲ್ಲ ಎಂದು ಹಟ ಹಿಡಿದರು. ಹುಡುಗಿ ಅಳುತ್ತ ಬಾಡಿಗೆ ಜೀಪು ಹತ್ತಿ ಗಂಡನ ಮನೆಗೆ ಹೋದಳು.

ಇದನ್ನೆಲ್ಲ ನನಗೆ ಹೇಳಿದವರು ಕಾಕಾನೇ, ಹದಿನೈದು ದಿನ ಬಿಟ್ಟು ಶೋರೂಮಿಗೆ ಬಂದು. ದನಿ ಎತ್ತಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು.

"ನಿನಗ ಮೊದ್ಲೇ ಗೊತ್ತಿತ್ತೇನು ತಂಗಿ?"

"ಇಲ್ಲ ಕಾಕಾ" ಎಂದೆ.

ನಂಬಿದರು. ಆ ಮ್ಯಾನೇಜರ್ ನಾಳೆ ಎದುರು ಬಂದರೂ ಅವನಿಗೆ ಅದನ್ನೇ ಮಾಡುತ್ತೇನೆ, ಅದರಲ್ಲಿ ಸಂಶಯವಿಲ್ಲ. ಆದರೆ ಕಾಕಾ ನನ್ನ ಆ 'ಇಲ್ಲ'ವನ್ನು ನಂಬಿದ ರೀತಿ ಇನ್ನೂ ಕಣ್ಣ ಮುಂದಿದೆ. ಹಾಂಗಾದ್ರ ಬಿಡು, ನಮ್ಮ ನಸೀಬು ಎಂದು ಎದ್ದವರು ಮತ್ತೆ ಕೂತರು.

"ನಮ್ಮ ಅಣ್ಣನ ಮಗಗ ಒಂದು ಗಾಡಿ ಬೇಕಾಗ್ಯಾದ. ಯಾವದು ತೊಗೋಬೇಕು, ನೀನೇ ಹೇಳು."

ಎದುರಿಗೆ ನಾಲ್ಕು ಕಾರು ನಿಂತಿದ್ದವು. ಪಕ್ಕದ ಟೇಬಲ್ಲಿನವರನ್ನು ಕರೆದು, ಇವರಿಗೆ ನೀವೇ ಕಾರು ತೋರಿಸಿ ಎಂದೆ.