ಕಮಟು ಎಣ್ಣೆಗೆ ಹಸಿರು ದೀಪ

ನನ್ನ ಚಿಕ್ಕಮ್ಮ ಇಪ್ಪತ್ತಾರು ವರ್ಷ ಎಣ್ಣೆ ಮೂಸಿ ಬದುಕಿದವಳು. ಎಣ್ಣೆ ಮಿಲ್ಲಿನಲ್ಲಿ ಅವಳ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ‘ಮೂಗಮ್ಮ’. ಅಲ್ಲಿನ ಪ್ಯಾಕಿಂಗ್ ವಿಭಾಗದಲ್ಲಿ ನಾನೂ ಇದ್ದೆ. ಹಾಗಾಗಿ ಇದು ಕಣ್ಣಾರೆ ಕಂಡದ್ದು, ಅವರಿವರ ಬಾಯಿಂದ ಕೇಳಿದ್ದಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಬರುತ್ತಿದ್ದಳು. ತಲೆಗೆ ಎಣ್ಣೆಯಿಲ್ಲ, ಮೈಗೆ ಘಮಘಮ ಸೋಪಿಲ್ಲ. ಈರುಳ್ಳಿ ತಿಂದು ಬಂದವರನ್ನು “ಆಚೆ ನಿಂತ್ಕೊಳ್ರೋ” ಎಂದು ಓಡಿಸುತ್ತಿದ್ದಳು. ಪ್ರತಿ ಟ್ಯಾಂಕಿನಿಂದ ಎರಡು ಹನಿ ಅಂಗೈಗೆ ಹಾಕಿಕೊಂಡು, ಬಿಸಿಯೇರುವ ತನಕ ಉಜ್ಜಿ, ಕಣ್ಣು ಮುಚ್ಚಿ ಮೂಸುವಳು. ಕಮಟು ಹಿಡಿದಿದ್ದರೆ ಒಂದೇ ಮಾತು: “ತೊಳೀರಿ.” ಆ ಟ್ಯಾಂಕ್ ಖಾಲಿ ಮಾಡಿ ತೊಳೆಯುವವರೆಗೆ ಲಾರಿ ಕದಲುತ್ತಿರಲಿಲ್ಲ.

ಆಮೇಲೆ ಮಿಲ್ಲಿಗೆ ಯಜಮಾನರ ಅಳಿಯ ಬಂದ. ಹೊಸ ತಂತ್ರಜ್ಞಾನ ತರುವ ಕಾರ್ಖಾನೆಗೆ ಸರ್ಕಾರ ಅರ್ಧ ಖರ್ಚು ಕೊಡುತ್ತದೆಂದು ಎಲ್ಲೋ ಓದಿಕೊಂಡಿದ್ದ. ಉಳಿದರ್ಧಕ್ಕೆ ಏನು ಮಾಡಿದ ಗೊತ್ತೆ? ಟ್ಯಾಂಕ್ ತೊಳೆಯುವವರನ್ನು ಮನೆಗೆ ಕಳಿಸಿ, ಅವರ ಸಂಬಳದ ದುಡ್ಡಿಗೆ ‘ಹೊಸ ಆವಿಷ್ಕಾರ ನಿಧಿ’ ಎಂದು ಹೆಸರಿಟ್ಟ. ಕೊಳೆ ಕೂಡಿಟ್ಟು ಕಟ್ಟಿದ ನಿಧಿ! ಅದರಿಂದ ವಾಸನೆ ಹಿಡಿಯುವ ಯಂತ್ರ ಬಂತು. ಯಂತ್ರಕ್ಕೊಂದು ಗಾಜಿನ ಕೋಣೆ, ಕೋಣೆಗೊಂದು ಏಸಿ. ಎಣ್ಣೆ ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟಿದ್ದರೆ ಕೆಂಪು. ಮೂಗಿಗಿಂತ ಮೂಗುತಿ ಭಾರ.

ಚಿಕ್ಕಮ್ಮನೇ ಮೂರು ತಿಂಗಳು ಅದರ ಪಕ್ಕ ಕೂತು, ನೂರಾರು ಸೀಸೆ ಮೂಸಿ, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಎಂದು ಕಲಿಸಿದಳು. ಪಾಠ ಮುಗಿದ ಮರುದಿನವೇ ಮೇಷ್ಟ್ರನ್ನು ಲೇಬಲ್ ಅಂಟಿಸುವ ಮೇಜಿಗೆ ಅಟ್ಟಿದರು. ಲೇಬಲ್ ಮೇಲೆ ಹಸಿರು ಮುದ್ರೆ: ‘ಯಂತ್ರದಿಂದ ಪರೀಕ್ಷಿಸಿದ್ದು’. ಹೋಗುವಾಗ ಅವಳು ಅಳಿಯನಿಗೆ ಒಂದೇ ಮಾತು ಹೇಳಿದಳು.

“ದಿನಾ ಬೆಳಿಗ್ಗೆ ಆಗಷ್ಟೇ ಹಿಂಡಿದ ಎಣ್ಣೆ ತೋರ್ಸಿ, ಒಳ್ಳೇದು ಅಂದ್ರೆ ಇದು ಅಂತ ಅದಕ್ಕೆ ನೆನಪು ಮಾಡ್ಬೇಕು ಸರ್. ಮರೀಬೇಡಿ.”

ಹೊಸ ಎಣ್ಣೆ ಬರುವ ತನಕ ಕಾಯುವ ವ್ಯವಧಾನ ಆ ಮಹಾಶಯನಿಗೆಲ್ಲಿ? ದಿನವೂ ಟ್ಯಾಂಕಿನ ಎಣ್ಣೆಯನ್ನೇ ತೋರಿಸಿ ‘ಇದು ಒಳ್ಳೆಯದು’ ಎನ್ನುತ್ತಿದ್ದ. ಆಮೇಲೆ ಅದೇ ಟ್ಯಾಂಕಿನ ಎಣ್ಣೆಯನ್ನು ಪರೀಕ್ಷೆಗಿಡುತ್ತಿದ್ದ. ಇನ್ನು ಕೆಂಪು ದೀಪ ಹತ್ತುವುದಾದರೂ ಹೇಗೆ? ತಳದಲ್ಲಿ ಜಿಡ್ಡು ಗಟ್ಟಿಯಾಯಿತು, ಎಣ್ಣೆ ದಿನದಿಂದ ದಿನಕ್ಕೆ ಕಮಟಾಯಿತು, ದೀಪ ಮಾತ್ರ ಹಸಿರೇ. ಡಬ್ಬಿ ಮುಟ್ಟಿದ ಕೈಯನ್ನು ಮೂರು ಸಲ ತೊಳೆದರೂ ನಾತ ಹೋಗುತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ದೊಡ್ಡ ಟ್ಯಾಂಕಿನದು. ಅದರ ಡಬ್ಬಿಗಳು ಹೋಗುತ್ತಿದ್ದದ್ದು ಆಸ್ಪತ್ರೆಯ ಅಡುಗೆಮನೆಗೆ.

ಅದನ್ನು ನಿಲ್ಲಿಸಿ ಎಂದು ಚಿಕ್ಕಮ್ಮ ಎರಡು ಸಲ ಅಳಿಯನ ಬಾಗಿಲಿಗೆ ಹೋದಳು. “ಹಸಿರು ಬಂದಿದ್ಯಲ್ಲಮ್ಮ, ಮೆಷಿನ್ ಮೇಲೆ ಹೊಟ್ಟೆಕಿಚ್ಚು ಯಾಕೆ?” ಎಂದ. ಹೊಟ್ಟೆಕಿಚ್ಚಂತೆ!

ಇದಕ್ಕಿಂತ ಹೇಸಿಗೆಯ ಸಂಗತಿ ಬೇರೆಯೇ ಇತ್ತು. ಪ್ರತಿ ಸೋಮವಾರ ಯಜಮಾನರ ಡ್ರೈವರ್ ಮೂರು ಟ್ಯಾಂಕಿನ ಮೂರು ಸೀಸೆ ಹಿಡಿದು ಲೇಬಲ್ ಮೇಜಿಗೆ ಬರುತ್ತಿದ್ದ. “ಮನೆಗೆ ಯಾವ್ದು ಒಯ್ಯಲಿ, ಮೂಸಿಸ್ಕೊಂಡು ಬಾ ಅಂದ್ರು ಅಮ್ಮಾವ್ರು.” ಚಿಕ್ಕಮ್ಮ ಇದ್ದುದರಲ್ಲಿ ವಾಸಿಯಾದದ್ದನ್ನು ಆರಿಸಿ ಕೊಡುತ್ತಿದ್ದಳು. ಊರಿಗೆಲ್ಲ ಯಂತ್ರ, ಅವರ ಮನೆಗೆ ಮಾತ್ರ ಮೂಗು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದರೆ ಇದೇ.

ಸರ್ಕಾರದ ದುಡ್ಡು ಕೊಡುವ ಮುಂಚೆ ಇಬ್ಬರು ಅಧಿಕಾರಿಗಳು ಯಂತ್ರ ನೋಡಲು ಬಂದರು. ಗೋಂದು ಮೆತ್ತಿದ ಕೈಯಲ್ಲೇ ಚಿಕ್ಕಮ್ಮ ದೊಡ್ಡ ಟ್ಯಾಂಕಿನ ಎಣ್ಣೆ ಹಿಡಿದು ಗಾಜಿನ ಕೋಣೆಗೆ ನುಗ್ಗಿದಳು. ಇಬ್ಬರ ಅಂಗೈಗೂ ಎರಡೆರಡು ಹನಿ ಬಿಟ್ಟಳು.

“ಉಜ್ಜಿ ನೋಡಿ ಸ್ವಾಮಿ. ಇದನ್ನ ರೋಗಿಗಳಿಗೆ ತಿನ್ನಿಸ್ತಾ ಇದೀವಿ.”

ಉಜ್ಜಿದರು, ಮೂಸಿದರು. ಒಬ್ಬನ ಮುಖ ಸೊಟ್ಟಗಾಯಿತು, ಇನ್ನೊಬ್ಬನಿಗೆ ಕೆಮ್ಮು ಬಂತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಇವರಿಗೆ ಬೇಕು. ಇಬ್ಬರೂ ತಲೆಯೆತ್ತಿ ದೀಪ ನೋಡಿದರು. ಹಸಿರು.

“ನಮ್ಮ ಫಾರಂನಲ್ಲಿ ಮೂಗಿಗೆ ಜಾಗ ಇಲ್ಲಮ್ಮ,” ಎಂದ ಹಿರಿಯ. ಕರ್ಚೀಫಿನಿಂದ ಕೈ ಒರೆಸಿಕೊಂಡ, ಕರ್ಚೀಫನ್ನು ಕಸದ ಬುಟ್ಟಿಗೆ ಎಸೆದ, ಆಮೇಲೆ ಸಹಿ ಹಾಕಿದ. ಥೂ! ಮಧ್ಯಾಹ್ನದ ಲಾರಿ ಎಂದಿನಂತೆ ಆಸ್ಪತ್ರೆಗೆ ಹೊರಟಿತು.

ಮುಂದಿನ ಸೋಮವಾರ ಡ್ರೈವರ್ ಮೂರು ಸೀಸೆ ತಂದಿಟ್ಟ. ಚಿಕ್ಕಮ್ಮ ಮುಚ್ಚಳ ತೆಗೆಯಲಿಲ್ಲ. ಮೂರಕ್ಕೂ ಒಂದೊಂದು ಹಸಿರು ಮುದ್ರೆಯ ಲೇಬಲ್ ಅಂಟಿಸಿ ಅವನ ಕಡೆ ತಳ್ಳಿದಳು.

“ಮೂಸಲ್ವಾ ಅಕ್ಕಾ?”

“ಅದಕ್ಕೆ ಮೆಷಿನ್ ಇದೆಯಲ್ಲಪ್ಪ. ನಂದು ಅಂಟಿಸೋ ಕೆಲಸ. ಯಾವುದು ಬೇಕೋ ಒಯ್ಯಿ.”

ಅವನು ದೊಡ್ಡ ಟ್ಯಾಂಕಿನದನ್ನು ಒಯ್ದ. ಬುಧವಾರ ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ತೊಳೆಯುವವರನ್ನು ವಾಪಸ್ ಕರೆಸಿದ್ದರು. ಮೂರೂ ಟ್ಯಾಂಕಿನ ತಳದಿಂದ ಬಕೆಟ್‌ಗಟ್ಟಲೆ ಕಪ್ಪು ಜಿಡ್ಡು ಹೊರಬರುತ್ತಿತ್ತು. ಯಂತ್ರವೇ ದೋಷ ಪತ್ತೆಹಚ್ಚಿತೆಂದು ಆ ವರ್ಷದ ವರದಿಯಲ್ಲಿ ಬರೆದು, ಪಕ್ಕದಲ್ಲಿ ಅಳಿಯನ ಫೋಟೊ ಹಾಕಿದರು. ಪತ್ತೆಹಚ್ಚಿದ್ದು ಅವನ ಅತ್ತೆಯ ಬಾಣಲೆ.

“ಹೋಗ್ಲಿ ಬಿಡೇ, ತೊಳೆದ್ರಲ್ಲ,” ಎನ್ನುತ್ತಾಳೆ ಚಿಕ್ಕಮ್ಮ, ಇವತ್ತಿಗೂ ಲೇಬಲ್ ಅಂಟಿಸುತ್ತ. ನಾನು ಬಿಡಲಾರೆ. ರೋಗಿಗಳು ನಾಲ್ಕು ತಿಂಗಳು ತಿಂದರು, ಯಾರೂ ಮಿಸುಕಲಿಲ್ಲ. ಯಜಮಾನರ ಮನೆಯಲ್ಲಿ ಒಂದೇ ಒಂದು ದಿನ ನಾತ ಬಂತು, ಮಿಲ್ಲಿಗೆ ಮಿಲ್ಲೇ ಎದ್ದು ಓಡಾಡಿತು.