ವಾರಗಿತ್ತಿಯ ಪಾರ್ಸಲ್

ಆ ಗ್ರೂಪು ಶುರು ಮಾಡಿದ್ದು ನಾನು. ಬಟವಾಡಿಯ ನಮ್ಮ ಬಾಡಿಗೆ ಮನೆಯ ಆಸುಪಾಸಿನ ಹೆಂಗಸರು ಒಂದೆರಡು ಸಲ ಉಟ್ಟು ಇಟ್ಟ ರೇಷ್ಮೆ ಸೀರೆ, ಮಕ್ಕಳಿಗೆ ಸಣ್ಣದಾದ ಸೈಕಲ್ಲು ಇಂಥವನ್ನು ಫೋಟೊ ಹಾಕಿ ಮಾರಿಕೊಳ್ಳಲಿ ಅಂತ ಫೋನಿನಲ್ಲಿ ಮಾಡಿದ್ದು. ವರ್ಷ ಕಳೆಯುವುದರೊಳಗೆ ತಿಪಟೂರು, ಶಿರಾ ಕಡೆಯವರೂ ಸೇರಿಕೊಂಡರು. ಅಡ್ಮಿನ್ ಆದ ನನ್ನನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಗುಬ್ಬಿಯಲ್ಲಿರುವ ವಾರಗಿತ್ತಿಯನ್ನು, ಅಂದರೆ ನನ್ನ ಮೈದುನನ ಹೆಂಡತಿಯನ್ನು, ಸೇರಿಸಿದವಳೂ ನಾನೇ. ಅವಳು ಎಳೆ ಮಕ್ಕಳ ಸ್ವೆಟರು, ಟೋಪಿ, ಕಾಲುಚೀಲ ಹೆಣೆಯುತ್ತಿದ್ದಳು. ಕಡ್ಡಿ ಹಿಡಿಯುವುದನ್ನು ಅವಳಿಗೆ ಕಲಿಸಿದ್ದು ನಾನು. ನನ್ನ ಹೆಣಿಗೆ ಕುತ್ತಿಗೆಯ ಹತ್ತಿರ ಬಂದಾಗ ಯಾವಾಗಲೂ ಸೊಟ್ಟಗಾಗುತ್ತಿತ್ತು, ಅವಳದು ಮೊದಲ ತಿಂಗಳಲ್ಲೇ ಅಚ್ಚು ಹೊಡೆದ ಹಾಗೆ ಬಂತು. ಅವಳು ಒಂದು ಫೋಟೊ ಹಾಕಿದರೆ ಸಾಕು, ಕೆಳಗೆ ಸಾಲುಸಾಲು ಕೆಂಪು ಹೃದಯ. ನನ್ನ ಸೀರೆಗಳಿಗೆ ‘ಲಾಸ್ಟ್ ರೇಟ್ ಹೇಳಿ’ ಎಂಬ ಒಂದೇ ಮಾತು. ಅವಳ ಮೆಸೇಜು ಬಂದಾಗಲೆಲ್ಲ ಒಲೆಯ ಮುಂದೆ ನಿಂತವಳ ಹಾಗೆ ನನ್ನ ಮುಖ ಬಿಸಿಯಾಗುತ್ತಿತ್ತು.

ಆ ಹೊತ್ತಿನಲ್ಲೇ ನಾನು ಶಿರಾಕ್ಕೆ ಕಳಿಸಿದ ಒಂದು ಸೀರೆ ದಾರಿಯಲ್ಲಿ ಕಳೆದುಹೋಯಿತು. ಕೊಂಡವಳು ಕೇಳಿದಾಗ, ‘ಕೊರಿಯರ್‌ಗೆ ಕೊಟ್ಟ ಮೇಲೆ ನನ್ನ ಜವಾಬ್ದಾರಿ ಮುಗಿಯಿತು’ ಎಂದು ಬರೆದೆ. ಅವಳು ಜಗಳವಾಡಲಿಲ್ಲ, ಸುಮ್ಮನೆ ಗ್ರೂಪು ಬಿಟ್ಟು ಹೋದಳು. ಅವಳ ಹಿಂದೆಯೇ ಇನ್ನೂ ನಾಲ್ಕು ಜನ ಹೋದರು.

ವಾರಗಿತ್ತಿ ತನ್ನ ಪಾರ್ಸಲ್‌ಗಳನ್ನು ಬಸ್ಸಿನಲ್ಲಿ ತಂದು ನನಗೆ ಕೊಡುತ್ತಿದ್ದಳು. ನಮ್ಮ ಮನೆಯ ಪಕ್ಕದ ಬೀದಿಯಲ್ಲೇ ಕೊರಿಯರ್ ಅಂಗಡಿ. ಕಳಿಸಿದವರ ವಿಳಾಸ ನನ್ನದು, ರಸೀದಿ ನನ್ನ ಹತ್ತಿರ. ಹೀಗೆಯೇ ಕುಣಿಗಲ್ಲಿಗೆ ಒಂದು ಪಾರ್ಸಲ್ ಹೋಯಿತು. ಕೊಂಡವರು ರಿಟೈರಾದ ಟೀಚರು, ಮೊದಲ ಮೊಮ್ಮಗುವಿನ ನಾಮಕರಣಕ್ಕೆಂದು ಹಳದಿ ಬಣ್ಣದ ಸೆಟ್ ಹೇಳಿ ಮಾಡಿಸಿದ್ದರು. ಐದು ದಿನಕ್ಕೆ ಅದು ನಮ್ಮ ಬಾಗಿಲಿಗೇ ವಾಪಸ್ ಬಂತು. ಮನೆಗೆ ಬೀಗ ಹಾಕಿತ್ತಂತೆ. ರುಜು ಹಾಕಿ ತೆಗೆದುಕೊಂಡೆ. ಅವಳಿಗೆ ಫೋನ್ ಮಾಡಬೇಕೆಂದು ಫೋನು ಕೈಗೆತ್ತಿಕೊಂಡಾಗ ಗ್ರೂಪಿನಲ್ಲಿ ಅವಳದೊಂದು ಹೊಸ ಟೋಪಿ ಕಂಡಿತು, ಅದರ ಕೆಳಗೆ ಯಾರೋ ‘ನಿಮ್ಮ ಕೈಗೆ ಚಿನ್ನದ ಬಳೆ ಹಾಕಬೇಕು’ ಎಂದು ಬರೆದಿದ್ದರು. ನಾನು ಫೋನು ಕೆಳಗಿಟ್ಟೆ. ಪಾರ್ಸಲನ್ನು ಬೀರುವಿನ ಮೇಲಿಟ್ಟು ಹಳೆಯ ಬೆಡ್‌ಶೀಟು ಮುಚ್ಚಿದೆ.

ಒಂದು ಸಲ ಅವಳೂ ಎಡವಲಿ. ನನಗೆ ಬೇಕಾಗಿದ್ದುದು ಅಷ್ಟೇ.

ಟೀಚರು ಗ್ರೂಪಿನಲ್ಲಿ ಕೇಳಿದರು, ‘ನನ್ನ ಪಾರ್ಸಲ್ ಎಲ್ಲಿ?’ ಹೆಂಗಸರು ತಲೆಗೊಂದು ಮಾತು ಹೇಳಿದರು. ಕೊರಿಯರ್‌ನವರೇ ಹೊಣೆ ಎಂದರು ಕೆಲವರು, ಮನೆಯಲ್ಲಿ ಇಲ್ಲದ್ದು ಕೊಂಡವರದೇ ತಪ್ಪು ಎಂದರು ಇನ್ನು ಕೆಲವರು. ಕಡೆಗೆ ‘ಅಡ್ಮಿನ್ ಮೇಡಂ ಹೇಳಲಿ’ ಎಂದರು. ಮೇಡಂ ಹೇಳಿದಳು: ‘ಕೊಂಡವರ ಕೈ ಸೇರುವವರೆಗೆ ಮಾರಿದವರದೇ ಜವಾಬ್ದಾರಿ.’ ಬೀರುವಿಗೆ ಬೆನ್ನು ಕೊಟ್ಟು ಕೂತು ಬರೆದೆ. ನನ್ನ ಸೀರೆಯ ಕಾಲದಲ್ಲಿ ಬೇರೆ ಮಾತಾಡಿದ್ದೆ ಎಂದು ಯಾರೂ ಎತ್ತಿ ತೋರಿಸಲಿಲ್ಲ.

ವಾರಗಿತ್ತಿ ಫೋನ್ ಮಾಡಿದಳು. "ಅಕ್ಕ, ಕೊರಿಯರ್‌ನೋರು ಏನಂತಾರೆ?"

"ಎಲ್ಲೋ ದಾರೀಲಿದ್ಯಂತೆ ಕಣೇ."

"ಹೋಗ್ಲಿ ಬುಡು. ನೀನು ಬರ್ದಿದ್ದು ಸರಿಯಾಗೇ ಐತೆ. ಇನ್ನೊಂದು ಹೆಣೀತೀನಿ."

ನಾಮಕರಣದ ಹಿಂದಿನ ದಿನ ಬೆಳಿಗ್ಗೆಯೇ ಅವಳು ನಮ್ಮ ಮನೆಗೆ ಬಂದಳು. ಮೂರು ದಿನ ಬಿಡದೆ ಹೆಣೆದು ತೋರುಬೆರಳು ಊದಿಕೊಂಡಿತ್ತು, ಅದಕ್ಕೆ ಅರಿಶಿನ ಹಚ್ಚಿದ್ದಳು. "ಈ ಸಲ ಕೈಯಾರೆ ಕೊಟ್ಟು ಬರ್ತೀನಿ. ನೀನೂ ಬಾ ಅಕ್ಕ, ಆ ಊರು ನಂಗೊತ್ತಿಲ್ಲ," ಎಂದಳು. ಸೀರೆ ಬದಲಿಸಿ ಅವಳ ಜೊತೆ ಹೊರಟೆ.

ಕುಣಿಗಲ್ ಕೆರೆಯ ಹತ್ತಿರ ಟೀಚರ ಮನೆ. ಮುಂದೆ ಶಾಮಿಯಾನ ಕಟ್ಟುತ್ತಿದ್ದರು. ಸ್ವೆಟರು ನೋಡಿ ಆಕೆ ವಾರಗಿತ್ತಿಯ ಊದಿದ ಬೆರಳನ್ನು ಹಿಡಿದುಕೊಂಡು ಕಣ್ಣು ಒರೆಸಿಕೊಂಡರು. ಆ ಬೆರಳಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅವರು ಸಂಕೋಚದಿಂದ ಹೇಳಿದರು: "ತಪ್ಪು ನಂದೂ ಇದೆ ಕಣಮ್ಮ. ಮಗಳ ಜೊತೆ ಆಸ್ಪತ್ರೇಲಿದ್ದೆ. ಇವತ್ತು ಬೆಳಿಗ್ಗೆ ಇಲ್ಲಿನ ಕೊರಿಯರ್ ಆಫೀಸಲ್ಲಿ ವಿಚಾರಿಸ್ದೆ. ವಾಪಸ್ ಹೋಗಿ ಎರಡು ವಾರ ಆಯ್ತಂತೆ. ನೋಡಿ, ಯಾರೋ ಸೈನ್ ಮಾಡಿದಾರೆ."

ಅವರ ಫೋನಿನಲ್ಲಿ ನನ್ನ ರುಜುವಿನ ಫೋಟೊ ಇತ್ತು. ಬಾಲ ಎಳೆದ ಆ ರುಜುವನ್ನು ವಾರಗಿತ್ತಿ ಎಷ್ಟೋ ರಸೀದಿಗಳ ಮೇಲೆ ನೋಡಿದ್ದಾಳೆ. ಅವಳು ಫೋನು ನೋಡಿದಳು, ನನ್ನನ್ನು ನೋಡಿದಳು.

"ಹೂಂ, ನಮ್ಮನೇಗೇ ಬಂದಿರ್ಬೇಕು. ಗಲಾಟೇಲಿ ನಾವೇ ನೋಡಿಲ್ಲ. ತಪ್ಪು ನಮ್ದೇ ಟೀಚರೇ," ಎಂದಳು.

ಟೀಚರು ಊಟ ಮಾಡಿಸದೆ ಬಿಡಲಿಲ್ಲ. ವಾಪಸ್ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿದೆ, "ನಾನೇ ಬಚ್ಚಿಟ್ಟಿದ್ದೆ."

"ಗೊತ್ತಾಯ್ತು."

"ಅಲ್ಲೇ ಯಾಕೆ ಬೈಲಿಲ್ಲ?"

"ಅವ್ರ ಮನೇಲಿ ನಾಳೆ ಶುಭಕಾರ್ಯ, ಅಲ್ಲಿ ಬೈಯಕಾಯ್ತದಾ? ಈಗ ಬೈತೀನಿ, ಕೇಳು."

ಬೈದಳು. ಹೆಬ್ಬೂರು ಬರುವವರೆಗೂ ಬೈದಳು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅವಳ ಸಾರಿಗೆ ಹೆಸರಿಟ್ಟದ್ದರಿಂದ ಹಿಡಿದು ಒಂದೂ ಬಿಡಲಿಲ್ಲ. ಮುಂದಿನ ಸೀಟಿನ ಅಜ್ಜಿ ತಿರುಗಿ ತಿರುಗಿ ನೋಡುತ್ತಿದ್ದರು. ಕಡೆಗೆ, "ನಿಂಗೆ ಉರಿ ಅಂದ್ರೆ ಬಾಯ್ಬಿಟ್ಟು ಹೇಳ್ಬೇಕಿತ್ತು ಅಕ್ಕ. ನಂಗೂ ನಿನ್ ಮೇಲಿತ್ತು. ನಿಂಗೆ ಎಲ್ರೂ ಮೇಡಂ ಅಂತಾರೆ, ನಂಗೆ ಯಾರ್ ಅಂದವ್ರೆ?" ಎಂದು ಅತ್ತಳು.

ಅದನ್ನು ಕೇಳಿ ನನಗೆ ನಾಚಿಕೆಯಾಯಿತು, ಒಳಗೊಳಗೇ ಖುಷಿಯೂ ಆಯಿತು. ಸುಳ್ಳು ಯಾಕೆ ಹೇಳಲಿ.

ಸಂಜೆ ಗ್ರೂಪಿನಲ್ಲಿ ಬರೆದೆ: ಪಾರ್ಸಲ್ ನನ್ನ ಹತ್ತಿರವೇ ಇತ್ತು, ಬೇಕೆಂದೇ ಮುಚ್ಚಿಟ್ಟಿದ್ದೆ, ಅವಳ ತಪ್ಪೇನೂ ಇಲ್ಲ. ಶಿರಾದವಳನ್ನು ಹುಡುಕಿ ಒಂದು ಒಳ್ಳೆಯ ಸೀರೆ ಕಳಿಸಿಕೊಟ್ಟೆ, ಸಿಕ್ಕಿತು ಎಂದಷ್ಟೇ ಉತ್ತರ ಬಂತು. ಬಹಳ ಜನ ಗ್ರೂಪು ಬಿಟ್ಟರು. ಉಳಿದವರು ವಾರಗಿತ್ತಿಯನ್ನು ಅಡ್ಮಿನ್ ಮಾಡಿ ಎಂದರು. ಮಾಡಿದೆ. ಈಗ ಅವಳ ಪಾರ್ಸಲ್‌ಗಳು ಗುಬ್ಬಿಯ ಅಂಚೆ ಕಚೇರಿಯಿಂದಲೇ ಹೋಗುತ್ತವೆ, ನನ್ನ ವಿಳಾಸ ಹಾಕುವುದಿಲ್ಲ. ಹಬ್ಬಕ್ಕೆ ಬರುತ್ತಾಳೆ, ನಗುತ್ತಾಳೆ, ಪಕ್ಕದಲ್ಲೇ ಕೂತು ಒಬ್ಬಟ್ಟು ತಟ್ಟುತ್ತಾಳೆ. ಅವಳನ್ನು ಮೇಡಂ ಎಂದು ಯಾರಾದರೂ ಬರೆದರೆ ನನಗೆ ಈಗಲೂ ಚುರುಕ್ ಎನ್ನುತ್ತದೆ.