ಬಣ್ಣದ ಮಿಡತೆಯ ಗುರುತು ಹಿಡಿಯುವಾಕೆ

ಬೆಳಗಿನ ಆರು ಗಂಟೆ. ಊರಿನ ಅಂಚಿನ ಮನೆಯೊಂದರ ಹಿತ್ತಲಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಮೊಣಕಾಲೂರಿ ಕುಳಿತಿದ್ದಾರೆ. ಎದುರಿಗೆ ಎಕ್ಕದ ಗಿಡ. ಅದರ ದಪ್ಪ ಎಲೆಯ ಮೇಲೆ ಬೆರಳುದ್ದದ ಮಿಡತೆ. ಹಳದಿ ಮೈಗೆ ಯಾರೋ ಕುಳಿತು ನೀಲಿ ಪಟ್ಟೆ ಬಳಿದಂತಿದೆ. ಮನೆಯೊಡತಿ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ.

"ಕಚ್ಚತ್ತಾ?"

"ಇಲ್ಲಮ್ಮ. ಕೆಣಕಿದ್ರೆ ಚಿಳಕ್ ಅಂತ ರಸ ಉಗುಳತ್ತೆ, ಕಣ್ಣಿಗೆ ಬೀಳದ ಹಾಗೆ ನೋಡ್ಕೊಳ್ಳಿ ಅಷ್ಟೇ. ಎಕ್ಕದ ಮಿಡತೆ ಇದು. ಪೊರಕೆ ಕೆಳಗಿಡಿ, ನಿಮ್ಮ ಮೇಲೆ ಅದಕ್ಕೇನೂ ಸಿಟ್ಟಿಲ್ಲ."

ಇಷ್ಟು ಬೇಗ ಬರುವುದೇಕೆ ಎಂದು ಕೇಳುತ್ತೇನೆ. "ಬಿಸಿಲೇರಿದ್ರೆ ಕೈಗೆ ಸಿಗಲ್ಲ. ಈಗ ಚಳಿಗೆ ಮೈ ಮರಗಟ್ಟಿರತ್ತೆ. ನಾವೂ ಹಾಸಿಗೆ ಬಿಡೋಕೆ ಗೊಣಗ್ತೀವಲ್ಲ, ಹಾಗೇ."

ಊರಿಗೆಲ್ಲ ಇವರು 'ಮಿಡತೆಯಕ್ಕ'. ಕೃಷಿ ಕಚೇರಿಯ ಕೀಟ ಸಂಗ್ರಹದ ಕೊಠಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಟೆಂಡರ್. ಕೆಲಸದ ಪಟ್ಟಿಯಲ್ಲಿರುವುದು ಗುಡಿಸುವುದು, ಒರೆಸುವುದು, ಅರವತ್ತನಾಲ್ಕು ಡ್ರಾಯರ್‌ಗಳಿಗೆ ಗೆದ್ದಲು ಹತ್ತದಂತೆ ಕಾಯುವುದು. ಓದಿದ್ದು ಏಳನೇ ಕ್ಲಾಸು. ದಿನವೂ ಅದೇ ಡ್ರಾಯರ್‌ಗಳ ಗಾಜು ಒರೆಸುತ್ತ ಒರೆಸುತ್ತ ಒಳಗಿನವರ ಪರಿಚಯವಾಯಿತು ಎನ್ನುತ್ತಾರೆ. ಮಳೆ ನಿಂತ ಮೇಲಿನ ಎರಡು ತಿಂಗಳು ದಿನಕ್ಕೆ ಹುಳ ಹಾಕಿದ ಹತ್ತು ಹನ್ನೆರಡು ಬಾಟಲಿ ಬರುತ್ತವೆ, ಮೂವತ್ತು ಫೋನ್ ಕರೆ ಬರುತ್ತವೆ. ಎಲ್ಲರದೂ ಒಂದೇ ಪ್ರಶ್ನೆ: ಅಂಗಳದಲ್ಲಿ ಬಣ್ಣಬಣ್ಣದ ಹುಳ ಕೂತಿದೆ, ಏನದು?

ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟಿರುವ ಗಂಡ ನಗುತ್ತಾರೆ. "ನಾನು ಹೊಸ ಶರ್ಟು ಹಾಕ್ಕೊಂಡ್ರೆ ಇವಳ ಕಣ್ಣಿಗೆ ಬೀಳಲ್ಲ. ಮಿಡತೆ ರೆಕ್ಕೆ ಮೇಲೆ ಒಂದು ಚುಕ್ಕೆ ಕಡಿಮೆ ಆದ್ರೂ ಗೊತ್ತಾಗತ್ತೆ."

ಹೊಗಳಿಕೆ ಶುರುವಾದರೆ ಮಿಡತೆಯಕ್ಕ ತಡೆದು ತಮ್ಮ ತಪ್ಪಿನ ಕಥೆ ಹೇಳುತ್ತಾರೆ. ಹನ್ನೊಂದು ವರ್ಷದ ಹಿಂದೆ, ಸಸಿ ಬೆಳೆದು ಮಾರುವ ಅಜ್ಜಿಯೊಬ್ಬರು ಬಾಟಲಿಯಲ್ಲಿ ಮರಿ ಮಿಡತೆಗಳನ್ನು ತಂದಿದ್ದರು. ಕಪ್ಪು ಮೈ, ಹಳದಿ ಚುಕ್ಕೆ. ಇವರು ಸರಿಯಾಗಿ ನೋಡದೆ ಎಕ್ಕದ ಮಿಡತೆಯ ಮರಿಗಳೆಂದುಕೊಂಡು, "ಬೇರೆ ಗಿಡ ಮುಟ್ಟಲ್ಲ ಅಜ್ಜಿ, ಹೋಗಿ" ಎಂದು ಕಳಿಸಿದರು. ಅವು ಬೇರೆ ಜಾತಿಯವು. ಹನ್ನೆರಡೇ ದಿನದಲ್ಲಿ ಸಸಿಮಡಿಗಳೆಲ್ಲ ಬೋಳಾದವು.

"ಅಜ್ಜಿ ಬಂದು ಬೈದಿದ್ರೆ ಹಗುರಾಗ್ತಿತ್ತು. 'ನೀನು ಹೇಳಿದ್ದಕ್ಕೆ ಸುಮ್ಮನಿದ್ದೆನಮ್ಮ' ಅಂದ್ರು. ಅಷ್ಟೇ."

ನಾಲ್ಕು ಭಾನುವಾರ ಅಜ್ಜಿಯ ಜೊತೆ ಕುಳಿತು ಮತ್ತೆ ಬೀಜ ಬಿತ್ತಿದರು. ಆ ಜಾತಿಯ ಮರಿಗಳನ್ನು ಕಚೇರಿಯ ಕಿಟಕಿಯಲ್ಲಿ ಸಾಕಿ, ಪೊರೆ ಕಳಚಿದಾಗಲೆಲ್ಲ ಡ್ರಾಯರ್‌ನಲ್ಲಿದ್ದವುಗಳೊಂದಿಗೆ ಹೋಲಿಸಿದರು. ದೊಡ್ಡವಾದ ಮೇಲೆ ಅವುಗಳನ್ನು ಹಿಡಿದರೆ ಮೈಯಿಂದ ಬುರುಬುರು ನೊರೆ ಬರುತ್ತದೆಂದು ತಿಳಿದದ್ದು ಆಗಲೇ. ಅಂದಿನಿಂದ, ಕೂತಿದ್ದ ಗಿಡ ಯಾವುದೆಂದು ಕೇಳದೆ ಹೆಸರು ಹೇಳುವುದಿಲ್ಲ.

ನಾಲ್ಕು ವರ್ಷದ ಹಿಂದೆ ಹೊಸ ಬಡಾವಣೆಯೊಂದರ ಕಾಂಪೌಂಡ್ ತುಂಬ ಒಂದು ಬೆಳಗ್ಗೆ ನೂರಾರು ಹಳದಿ-ನೀಲಿ ಮಿಡತೆಗಳು ಕಂಡವು. ಹಿಂಡು ಕಟ್ಟಿ ಹೊಲ ಬೋಳಿಸುವ ಮಿಡತೆಗಳೇ ಬಂದವೆಂದು ಫೋನಿಂದ ಫೋನಿಗೆ ಸುದ್ದಿ ಹಬ್ಬಿತು. ಎಕ್ಕದ ಗಿಡಗಳನ್ನೆಲ್ಲ ಕಡಿದು ವಿಷ ಸಿಂಪಡಿಸಲು ಹತ್ತು ಗಂಟೆಗೆ ಟ್ಯಾಂಕರ್ ಬರುವುದೆಂದು ಗೊತ್ತಾಯಿತು. ಗೋಡೆಯಾಚೆ ಪುಟ್ಟ ಮಕ್ಕಳ ಶಾಲೆಯ ಆಟದ ಮೈದಾನ. ಕಚೇರಿಯ ಸಾಹೇಬರು ತರಬೇತಿಗೆ ಹೋಗಿದ್ದರು, ಫೋನಿಗೂ ಸಿಗಲಿಲ್ಲ.

ಮಿಡತೆಯಕ್ಕ ಒಬ್ಬರೇ ಹೋದರು. "ಸಿಂಪಡಿಸಬೇಡಿ ಅನ್ನೋಕೆ ನೀವ್ಯಾರು?" ಬಡಾವಣೆಯ ಸಂಘದ ಅಧ್ಯಕ್ಷರು ಕೇಳಿದರು.

"ಆಫೀಸಲ್ಲಿ ಕಸ ಗುಡಿಸೋಳು."

ಸುತ್ತ ನಿಂತವರು ನಕ್ಕರು. ಇವರು ಜಗ್ಗಲಿಲ್ಲ. "ನಾಳೆ ಹತ್ತು ಗಂಟೆವರೆಗೆ ಟೈಮ್ ಕೊಡಿ. ನಿಮ್ಮ ಮನೇದೇ ಗುಲಾಬಿ ಎಲೆ, ದಾಸವಾಳದ ಎಲೆ ಕೊಡಿ. ತಿಂದ್ರೆ ನಾನೇ ಟ್ಯಾಂಕರ್ ಕರೀತೀನಿ." ಒಂದು ದಿನ ತಾನೇ ಎಂದು ಅಧ್ಯಕ್ಷರು ಟ್ಯಾಂಕರ್ ಬರುವುದನ್ನು ಮರುದಿನಕ್ಕೆ ಮುಂದೂಡಿದರು. ಗಂಡ ಅಂಗಡಿಯಲ್ಲಿ ಸೊಳ್ಳೆಪರದೆಯ ತುಂಡಿನಿಂದ ಚೀಲ ಹೊಲಿದು ತಂದರು. ಅದರಲ್ಲಿ ಹನ್ನೆರಡು ಮಿಡತೆ, ಎಕ್ಕದ್ದೂ ಸೇರಿ ಮೂರು ಬಗೆಯ ಎಲೆ ಹಾಕಿ ಅಧ್ಯಕ್ಷರ ವರಾಂಡದಲ್ಲೇ ನೇತುಹಾಕಿದರು.

"ಅಜ್ಜಿ ಮಡಿಗಳೇ ಕಣ್ಣ ಮುಂದೆ ಬರ್ತಿದ್ವು. ಈ ಸಲ ತಪ್ಪಾಗಿದ್ರೆ ಕೆಲಸಾನೂ ಹೋಗ್ತಿತ್ತು, ಜನ ನಂಬೋದನ್ನೂ ಬಿಡ್ತಿದ್ರು."

ಮರುದಿನ ಬೆಳಗ್ಗೆ ಗುಲಾಬಿ, ದಾಸವಾಳದ ಎಲೆಗಳು ಬಾಡಿ ಜೋತುಬಿದ್ದಿದ್ದವು. ಒಂದು ಕಚ್ಚೂ ಇಲ್ಲ. ಎಕ್ಕದ ಎಲೆಯಲ್ಲಿ ನರವಷ್ಟೇ ಉಳಿದಿತ್ತು. ಅಧ್ಯಕ್ಷರು ಚೀಲವನ್ನು ಎರಡು ಸಲ ತಿರುಗಿಸಿ ನೋಡಿ, ಟ್ಯಾಂಕರ್‌ನವರಿಗೆ ಫೋನ್ ಮಾಡಿ ಬೇಡವೆಂದರು. "ಎಕ್ಕಾನೂ ಕಡೀಬೇಡಿ ಸಾರ್," ಎಂದರಂತೆ ಇವರು. "ಅದರ ಊಟ ಕಿತ್ತುಕೊಂಡ್ರೆ ಆಮೇಲೆ ನಿಮ್ಮ ತೋಟಕ್ಕೆ ಬಾಯಿ ಹಾಕೋಕೂ ಹೇಸಲ್ಲ." ಮೂರು ವಾರದಲ್ಲಿ ಮಿಡತೆಗಳು ತಾವಾಗಿಯೇ ಕಡಿಮೆಯಾದವು.

ತರಬೇತಿಯಿಂದ ಬಂದ ಸಾಹೇಬರು ಮೊದಲು ಗದರಿದರು: "ಏನಮ್ಮಾ, ನನ್ನನ್ನೊಂದು ಮಾತು ಕೇಳೋದು ಬೇಡ್ವಾ?" ಆಮೇಲೆ ಚೀಲ ತರಿಸಿ ನೋಡಿದರು. ಹುಳದ ಹೆಸರು ಬರೆದುಕೊಡಲು ಮರುವಾರ ಅಚ್ಚಾಗಿ ಬಂದ ಕಚೇರಿಯ ಚೀಟಿಯಲ್ಲಿ ಸಾಹೇಬರ ಸಹಿಯ ಮೇಲೆ ಹೊಸ ಸಾಲೊಂದಿತ್ತು: 'ಗುರುತಿಸಿದವರು'. ಅಲ್ಲಿ ಈಗ ಮಿಡತೆಯಕ್ಕನ ದುಂಡು ಅಕ್ಷರದ ಸಹಿ ಬೀಳುತ್ತದೆ. ಮೊದಲ ದಿನ ಪೆನ್ನು ಹಿಡಿದವರಿಗೆ ಸಾಲು ಸಾಲದೆ ಸಹಿ ಚೀಟಿಯಂಚಿಗೆ ಹೋಯಿತಂತೆ.

ನಿವೃತ್ತಿಗೆ ಇನ್ನು ಎರಡು ವರ್ಷ. ಪತ್ರಿಕೆಯಲ್ಲಿ ಏನು ಬರೆಯಬೇಕು ಎಂದು ಕೇಳಿದೆ. ಕೈಯ ಮಣ್ಣು ಕೊಡವಿದರು.

"ನನ್ನ ವಿಷಯ ಎಷ್ಟಾದ್ರೂ ಕಡಿಮೆ ಮಾಡಿ. ಬಾಟಲಿ ತರೋರು ಮುಚ್ಚಳಕ್ಕೆ ನಾಲ್ಕು ತೂತು ಹಾಕ್ಕೊಂಡು ತನ್ನಿ ಅಂತ ಮಾತ್ರ ದಪ್ಪ ಅಕ್ಷರದಲ್ಲಿ ಬರೀರಿ. ಸತ್ತಿದ್ರೂ ಹೆಸರು ಹೇಳ್ತೀನಿ. ಬದುಕಿದ್ರೆ ಹೆಸರು ಹೇಳಿ ವಾಪಸ್ ಬಿಟ್ಟು ಬರ್ತೀನಿ."